ಬಾವಿಕಟ್ಟೆಯ ಬರಡು ತೆಂಗು

ಆ ಬೆಳಿಗ್ಗೆಯೂ ಇನಾಸ್ ಗಂಜಿ ಕುಡಿದು, ಸೊಂಟಕ್ಕೆ ಕತ್ತಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಹೊರಟ. ಹನ್ನೆರಡು ತೆಂಗು ಹತ್ತಿ ಕಳ್ಳಿಳಿಸುವವನು. ಪ್ರತಿ ಮರದ ಬುಡದಲ್ಲೂ "ಹೂಓ!" ಎಂದು ಕೂಗುತ್ತಿದ್ದ, ಮೀಯುವ ಹೆಂಗಸರು ಸೀರೆ ಎಳೆದುಕೊಳ್ಳಲಿ ಎಂದು. ಗೋವೆಯ ವೇಳಿಂ ಊರಿನ ಮರ್ಯಾದೆ ಅದು.

ಹನ್ನೆರಡನೆಯ ಮರ ಫೆಲಿಸಿನಳ ಬಾವಿಯ ಪಕ್ಕದ್ದು. ಅವಳ ಗಂಡ ಹಡಗಿನಲ್ಲಿ ಬಾಣಸಿಗ. ಈಸ್ಟರ್ ಕಳೆದ ಮೇಲೆ ಆ ಮರ ಒಂದು ತೊಟ್ಟೂ ಕಳ್ಳು ಕೊಟ್ಟಿರಲಿಲ್ಲ. ಆದರೂ ಇನಾಸ್ ಹತ್ತುತ್ತಿದ್ದ, ಬೇಗ ಇಳಿಯುತ್ತಿರಲಿಲ್ಲ. ಹಿಟ್ಟು ಹುದುಗಿಸುವ ಕಳ್ಳನ್ನು ರೊಟ್ಟಿ ಭಟ್ಟಿಗೆ ಹೊರುವ ಹೆಂಡತಿ ಕುಸ್ತೋದಿನಳಿಗೆ ತಿಳಿಯದೆ ಇರುತ್ತದೆಯೇ?

"ಬರಡು ಮರದಲ್ಲಿ ಏನ್ ಇಳಿಸ್ತೀಯಾ?"

"ಗಾಳಿ."

"ಗಾಳೀನೋ, ಫೆಲಿಸಿನ್ ಮೀಯೋದೋ?"

"ನಿನ್ನ ಹೊಟ್ಟೇಲಿ ಒಲೆ ಉರೀತಿದೆ ಮಾರಾಯ್ತಿ. ಅದರ ಮೇಲೇ ಅನ್ನ ಇಡು."

ಉರಿಯುತ್ತಲೇ ಇತ್ತು. ಮಧ್ಯಾಹ್ನ ರೆಜೆದೋರನ ಮನೆಗೆ ಹೋದಳು. ಪೋರ್ಚುಗೀಸ್ ಸರ್ಕಾರದ ಪರವಾಗಿ ಊರು ನೋಡಿಕೊಳ್ಳುವವನು ಅವನು.

"ಬಾಬ್, ಆ ಮರಾನ ಬೇರೆಯವರಿಗೆ ಕೊಡ್ಸಿ. ನನ್ನ ಗಂಡ ಅದ್ರಿಂದ ಇಳಿಯೋದೇ ಇಲ್ಲ."

ರೆಜೆದೋರ್ ಹೊಟ್ಟೆ ಕುಲುಕಿಸಿ ನಕ್ಕ. "ಫೆಲಿಸಿನಳನ್ನ ನೋಡೋಕೆ ಮರ ಯಾಕೆ? ಇಗರ್ಜಿಗೆ ಬಂದ್ರೆ ಸಾಕಲ್ಲ!" ಆಮೇಲೆ ನಗು ನಿಲ್ಲಿಸಿದ. "ಅಲ್ಲಿಂದ ಇನ್ನೇನು ಕಾಣುತ್ತೆ?"

"ಸೇತುವೆ ಕಾಣುತ್ತೆ. ಪಾಕ್ಲೆಗಳ ಜೀಪು ಬರೋ ರಸ್ತೆ ಕಾಣುತ್ತೆ."

ಮರುದಿನ ಆ ಬಿಳಿ ಸಿಪಾಯಿಗಳು ಇನಾಸನನ್ನು ಮರದಿಂದಲೇ ಇಳಿಸಿಕೊಂಡು ಹೋದರು. ಒಂಬತ್ತನೇ ದಿನ ಹೆಣ ಕೊಟ್ಟರು. ಬೆನ್ನು ನೋಡಬೇಡ ಎಂದರು. ಅವಳು ನೋಡಿದಳು.

ಮಣ್ಣು ಮಾಡಿದ ಮೇಲೆ ಫೆಲಿಸಿನ್ ಬಂದಳು.

"ನಮ್ಮ ನಡುವೆ ಏನೂ ಇರ್ಲಿಲ್ಲ ಬಾಯ್. ಜೀಪು ಕಂಡ್ರೆ ಮೇಲಿಂದ ಇನ್ನೊಂದ್ಸಲ ಕೂಗ್ತಿದ್ದ. ನಾನು ಓಡಿ, ಗುಡ್ಡದಲ್ಲಿ ಅಡಗಿದ್ದ ಗೋವಾ ಬಿಡಿಸೋ ಹುಡುಗರಿಗೆ ಹೇಳ್ತಿದ್ದೆ. ಅಷ್ಟು ಹೊಡೆದ್ರೂ ನನ್ನ ಹೆಸರು ಹೇಳ್ಲಿಲ್ಲ ಅವ್ನು. ನಿಂಗೆ ಗೊತ್ತಾದ್ರೆ ಹೆದರ್ತೀಯ ಅಂತ ಮುಚ್ಚಿಟ್ಟ."

"ನಿಂಗೆ ಹೇಳಿದ್ನಲ್ಲ," ಎಂದಳು ಕುಸ್ತೋದಿನ್.

ಫೆಲಿಸಿನಳಿಗೆ ಅವನು ಮೈ ಕೊಟ್ಟಿದ್ದರೆ ಬೈದು ಸುಮ್ಮನಾಗುತ್ತಿದ್ದಳು. ಅವನು ಗುಟ್ಟು ಕೊಟ್ಟಿದ್ದ. ಹೆಸರು ಹೇಳದೆ ಸತ್ತಿದ್ದ, ಅದೂ ಇವಳ ಹೆಸರು.

ನೆನಪಿಗೆಂದು ಫೆಲಿಸಿನ್ ಅವನ ಕಳ್ಳಿನ ಸೋರೆಬುರುಡೆ ಕೇಳಿದಳು. ಕುಸ್ತೋದಿನ್ ಕೊಡಲಿಲ್ಲ.

ರೆಜೆದೋರನ ಮನೆಗೆ ಹೋದದ್ದನ್ನು ಅವಳು ಯಾರಿಗೂ ಹೇಳಿಲ್ಲ. ಪಾದ್ರಿಗೂ ಹೇಳಿಲ್ಲ.

ಪಾಕ್ಲೆಗಳು ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಬೆಳಿಗ್ಗೆ ಎದ್ದು ಬೂದಿ, ಮರಳು ಹಾಕಿ ಆ ಬುರುಡೆಯನ್ನು ತಿಕ್ಕುತ್ತಾಳೆ. ತೊಳೆದು ಹಿತ್ತಲ ಗೂಟಕ್ಕೆ ನೇತುಹಾಕುತ್ತಾಳೆ, ಬಾವಿಯ ಕಡೆಯಿಂದ ಕಾಣದ ಹಾಗೆ.