ಅದರ ಹಾಗೇ, ಆದರೆ ಅದಲ್ಲ

ನನ್ನ ಭಾವನ ಕಸುಬು ಏನೆಂದು ಯಾರಾದರೂ ಕೇಳಿದರೆ ಅಕ್ಕ ‘ಸಂಗೀತ’ ಎನ್ನುತ್ತಾಳೆ. ಭಾವ ‘ಸಂಯೋಜನೆ’ ಎನ್ನುತ್ತಾರೆ. ಅವರ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಧ್ವನಿ ಮುದ್ರಿಸುವವನು ನಾನಾದ್ದರಿಂದ ನಿಜ ಹೇಳುವ ಹೊಣೆ ನನ್ನ ಮೇಲಿದೆ. ಭಾವನ ಕಸುಬು ನಕಲು. ಸುಮ್ಮನೆ ನಕಲಲ್ಲ, ಸಿಕ್ಕಿಬೀಳದಂಥ ನಕಲು.

ಇದು ನಡೆಯುವುದು ಹೀಗೆ. ಒಂದು ಫೋನ್ ಕಂಪನಿ ಜಾಹೀರಾತು ತೆಗೆಯುತ್ತದೆ. ಫೋನಿನಲ್ಲಿ ಹೊಸದಾಗಿ ಬಂದಿರುವುದು ಪಕ್ಕದಲ್ಲೊಂದು ಗುಂಡಿ, ಅಷ್ಟೇ. ಆದರೆ ಪರದೆಯ ಮೇಲೆ ಕಡಲ ತೀರದಲ್ಲಿ ಓಡುವ ಹುಡುಗಿ, ಕಣ್ಣೊರೆಸಿಕೊಳ್ಳುವ ಅಜ್ಜ, ಗುಂಡಿ ಒತ್ತಿದ್ದಕ್ಕೇ ಹುಟ್ಟಿದಂತಿರುವ ಮಗು. ಚಿತ್ರ ಜೋಡಿಸುವವನು ಸದ್ಯಕ್ಕೆ ಇರಲಿ ಎಂದು ಅದರಡಿ ಯಾವುದೋ ಜಗತ್ಪ್ರಸಿದ್ಧ ಟ್ಯೂನ್ ಹಾಕಿರುತ್ತಾನೆ. ಅದನ್ನೇ ನೋಡಿ ನೋಡಿ ಕಂಪನಿಯ ದೊಡ್ಡವರಿಗೆ ಆ ಟ್ಯೂನ್ ಮೇಲೆ ಪ್ರೀತಿ ಹುಟ್ಟುತ್ತದೆ. ಆಮೇಲೆ ಅದರ ಬೆಲೆ ವಿಚಾರಿಸುತ್ತಾರೆ. ತಲೆ ತಿರುಗಿದ ಮೇಲೆ ಭಾವನ ಬಳಿ ಬರುತ್ತಾರೆ. ಬಂದವರೆಲ್ಲ ಹೇಳುವುದು ಒಂದೇ ಮಾತು: ಅದರ ಹಾಗೇ ಇರಬೇಕು, ಆದರೆ ಅದಾಗಿರಬಾರದು.

ಭಾವ ಇಲ್ಲೊಂದು ಸ್ವರ ಏರಿಸಿ, ಅಲ್ಲೊಂದು ಇಳಿಸಿ, ಗಿಟಾರ್ ತೆಗೆದು ಸಿಳ್ಳೆ ಹಾಕಿ, ಮೇಲೊಂದಿಷ್ಟು ಚಪ್ಪಾಳೆ ಉದುರಿಸಿ ಕೊಡುತ್ತಾರೆ. ನಮ್ಮ ಸ್ಟುಡಿಯೋ ಇರುವುದು ಡ್ರೈಕ್ಲೀನಿಂಗ್ ಅಂಗಡಿಯ ಮೇಲೆ. ಕೆಳಗೆ ಹಬೆ ಇಸ್ತ್ರಿ ಬುಸ್ಸೆನ್ನುವುದು ನಿಲ್ಲುವವರೆಗೆ ನಾವು ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತೇವೆ. ಕೆಳಗಿನವರು ಬಟ್ಟೆಯ ಕಲೆ ತೆಗೆಯುತ್ತಾರೆ, ಮೇಲಿನವರು ಟ್ಯೂನಿನ ಗುರುತು ತೆಗೆಯುತ್ತೇವೆ.

ಭಾವ ಜೀವಮಾನದಲ್ಲಿ ಸ್ವಂತದ್ದು ಎಂದು ಮಾಡಿದ್ದು ಒಂದೇ ಒಂದು ಟ್ಯೂನ್. ಅದೂ ಅನಿವಾರ್ಯಕ್ಕೆ. ಆಗಿನ್ನೂ ಕಣ್ಣು ಬಿಡುತ್ತಿದ್ದ ಒಂದು ಕಂಪ್ಯೂಟರ್ ಕಂಪನಿ, ನಕಲು ಮಾಡಲು ಯಾವ ಟ್ಯೂನೂ ತರದೆ, ಏನಾದರೂ ಮಾಡಿ ಕೊಡಿ ಎಂದಿತ್ತು. ಕೊಟ್ಟರು. ಕಂಪನಿ ಅದನ್ನು ಬುಡಸಮೇತ ಕೊಂಡುಕೊಂಡಿತು. ಆಮೇಲೆ ಆ ಕಂಪನಿಯ ಯಂತ್ರ ಎಲ್ಲೇ ಚಾಲೂ ಆದರೂ ಅದೇ ಟ್ಯೂನ್. ಬ್ಯಾಂಕಿನಲ್ಲಿ ಅದೇ, ಆಸ್ಪತ್ರೆಯಲ್ಲಿ ಅದೇ, ಬೀದಿಯ ಮಕ್ಕಳ ಸಿಳ್ಳೆಯಲ್ಲೂ ಅದೇ. ಜಾಹೀರಾತಿನ ಸಂಗೀತಕ್ಕೆ ಹೆಸರು ಹಾಕುವ ಪದ್ಧತಿ ಇಲ್ಲವಲ್ಲ, ಹಾಗಾಗಿ ಅದು ಯಾರದೆಂದು ಯಾರಿಗೂ ಗೊತ್ತಿಲ್ಲ. ಭಾವ ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಕ್ಷೌರಿಕನಿಗೆ ಹೇಳಿದರು, ಹಲ್ಲಿನ ಡಾಕ್ಟರಿಗೆ ಬಾಯಿ ತೆರೆದುಕೊಂಡೇ ಹೇಳಿದರು. ಹೌದಾ ಸಾರ್ ಎಂದವರುಂಟು, ನಂಬಿದವರಿಲ್ಲ.

ಅವರಿಗೆ ಇನ್ನೊಂದು ಕೊರಗಿತ್ತು. ಆ ಟ್ಯೂನಿಗೆ ಒಂದು ಕೊನೆಯ ಸಾಲಿತ್ತಂತೆ. ಜಾಹೀರಾತಿನ ಹೊತ್ತು ಮುಗಿಯಿತೆಂದು ಕಂಪನಿ ಅದನ್ನು ಕತ್ತರಿಸಿ ಬಿಸಾಕಿತ್ತು. ಲೋಕ ಕೇಳಿದ್ದು ಅರ್ಧ ಕಣಯ್ಯಾ ಎಂದು ಭಾವ ಮನೆಗೆ ಬಂದವರ ಮುಂದೆಲ್ಲ ಹಲುಬುತ್ತಿದ್ದರು.

ಹೀಗಿರುವಾಗ ಹೊಸ ಫೋನ್ ಕಂಪನಿಯೊಂದರ ಕಡೆಯಿಂದ ಒಬ್ಬ ಯುವಕ ಬಂದ. ಅವನ ಹುದ್ದೆಯ ಹೆಸರೇ ‘ಬ್ರ್ಯಾಂಡ್ ಕಥೆಗಾರ’. ಕಥೆಗಾರ ಲ್ಯಾಪ್‌ಟಾಪ್ ತೆರೆದು, ಇದು ನಮ್ಮ ರೆಫರೆನ್ಸ್, ಇದರ ಹಾಗೇ ಇರಬೇಕು ಆದರೆ ಇದಾಗಿರಬಾರದು ಎಂದು ಒಂದು ಟ್ಯೂನ್ ಹಾಕಿದ. ಬಂದದ್ದು ಭಾವನ ಟ್ಯೂನೇ.

ಭಾವ ಸುಮ್ಮನಿರಬೇಕಿತ್ತು. ಬಾಯಿಬಿಟ್ಟರೆ ಬಣ್ಣಗೇಡು ಎಂದು ತಿಳಿದವರು ಹೇಳಿದ್ದು ಇಂಥ ಹೊತ್ತಿಗೇ. ಆದರೆ ಅವರು ಎದೆ ಸೆಟೆಸಿ, ಇದನ್ನು ಮಾಡಿದವನೇ ನಾನು ಎಂದರು. ಕಥೆಗಾರ ವಿನಯದಿಂದ ನಕ್ಕು, ಯಾವಾಗ ಕೊಡ್ತೀರಿ ಸಾರ್ ಎಂದ.

ಆ ವಾರ ಭಾವ ಕೆಲಸ ಮಾಡಿದ ಬಗೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೊಸ ಜಾಹೀರಾತು ಉದ್ದದ್ದು. ಅದರಲ್ಲಿ ಕೊನೆಯ ಸಾಲಿಗೆ ಜಾಗವಿತ್ತು. ಮೊದಲಿನ ಸ್ವರಗಳನ್ನು ಅಷ್ಟಿಷ್ಟು ಅಲುಗಿಸಿದರು, ಕೊನೆಯ ಸಾಲನ್ನು ಮಾತ್ರ ಇದ್ದದ್ದು ಇದ್ದ ಹಾಗೆ ನುಡಿಸಿದರು. ನಾನು ಸುಲಭಕ್ಕೆ ಕರಗುವ ಪೈಕಿಯವನಲ್ಲ. ಆದರೂ ಅದನ್ನು ಮೊದಲ ಸಲ ಕೇಳಿದ ಕೂಡಲೇ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಅಷ್ಟು ಚೆನ್ನಾಗಿತ್ತು, ಅಷ್ಟು ಚೆನ್ನಾದದ್ದನ್ನು ಕತ್ತರಿಸಿದವರ ಮೇಲೆ ಅಷ್ಟೇ ಸಿಟ್ಟೂ ಬಂತು.

ಕಂಪನಿಯವರಿಗೂ ಹಿಡಿಸಿತು. ಆಗ ಕಥೆಗಾರನ ಜೊತೆ ಅವರ ವಕೀಲರು ಬಂದರು. ಅವರ ತಕರಾರು ವಿಚಿತ್ರವಾಗಿತ್ತು. ಬೇರೆ ಯಾರಾದರೂ ಇಷ್ಟು ಸ್ವರ ಬದಲಿಸಿ ಕೊಟ್ಟಿದ್ದರೆ ತೊಂದರೆಯಿರಲಿಲ್ಲವಂತೆ. ಆದರೆ ಆ ಹಳೆಯ ಕಂಪ್ಯೂಟರ್ ಕಂಪನಿ ತನಗೆ ಟ್ಯೂನ್ ಮಾಡಿಕೊಡುವ ಎಲ್ಲರ ಕೈಲೂ ಒಂದು ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತದಂತೆ: ಟ್ಯೂನ್ ಮಾಡಿದವನು ಅದನ್ನು ಹೋಲುವಂಥದ್ದನ್ನು ಇನ್ಯಾರಿಗೂ ಮಾಡಿಕೊಡುವಂತಿಲ್ಲ. ಅಂದರೆ ಆ ಟ್ಯೂನಿನ ನಕಲು ಮಾಡಲು ಇಡೀ ಭೂಮಿಯ ಮೇಲೆ ಎಲ್ಲರಿಗೂ ಹಕ್ಕುಂಟು, ಅದನ್ನು ಹೆತ್ತವನೊಬ್ಬನಿಗೆ ಇಲ್ಲ.

“ಸುಳ್ಳು ಹೇಳಿ ಅಂತ ನಾನು ಹೇಳ್ತಿಲ್ಲ,” ಎಂದರು ವಕೀಲರು. “ಅದನ್ನ ಮಾಡಿದ್ದು ನೀವಲ್ಲ ಅಂತಾದ್ರೆ ತೊಂದ್ರೆ ಇಲ್ಲ ಅಂತ ಮಾತ್ರ ಹೇಳ್ತಿದ್ದೀನಿ. ಮೈಕು ಇಲ್ಲೇ ಇದೆಯಲ್ಲ, ಒಂದು ಮಾತು ಹೇಳಿಬಿಡಿ, ನಮ್ಮ ಹತ್ರ ಇರ್ಲಿ.”

ಭಾವ ಅಡಕತ್ತರಿಯಲ್ಲಿ ಸಿಕ್ಕಿದ್ದರು. ಹೇಳಿದರೆ ಟ್ಯೂನ್ ಕೊನೆಗೂ ಪೂರ್ತಿಯಾಗಿ ಲೋಕಕ್ಕೆ ಕೇಳುತ್ತದೆ, ಆದರೆ ತನ್ನದಾಗಿ ಅಲ್ಲ. ಹೇಳದಿದ್ದರೆ ಅದು ತನ್ನದೇ, ಆದರೆ ಅರ್ಧ. ಕೆಳಗಿನ ಇಸ್ತ್ರಿ ನಿಲ್ಲುವವರೆಗೆ ಯೋಚಿಸಿದರು. ಆಮೇಲೆ ಪರದೆ ಸರಿಸಿ ಮೈಕಿನ ಮುಂದೆ ಹೋಗಿ ನಿಂತರು.

“ಆ ಟ್ಯೂನ್ ಮಾಡಿದ್ದು ನಾನಲ್ಲ. ಅದು ನಂದಲ್ಲ.”

ಕಥೆಗಾರನಿಗೆ ಅಭ್ಯಾಸಬಲ. ಇನ್ನೊಂದು ಸಲ, ಸ್ವಲ್ಪ ಸಹಜವಾಗಿ ಹೇಳಿದರೆ ಚೆನ್ನ ಎಂದ. ಬೇಡ, ಇದೇ ಸಹಜವಾಗಿದೆ ಎಂದರು ವಕೀಲರು. ಇಷ್ಟು ವರ್ಷ ನಂದು ನಂದು ಎಂದು ಬಡಿದುಕೊಂಡಾಗ ಒಬ್ಬ ನರಪಿಳ್ಳೆ ನಂಬಿರಲಿಲ್ಲ. ನಂದಲ್ಲ ಎಂದ ಮೊದಲ ಸಲಕ್ಕೇ ಎಲ್ಲರೂ ನಂಬಿದರು. ಹೆಡ್‌ಫೋನಿನಲ್ಲಿ ಕೇಳಿದ ನಾನೂ ಒಂದು ಕ್ಷಣ ನಂಬಿದೆ, ನನಗೇ ನಾಚಿಕೆಯಾಯಿತು.

ಜಾಹೀರಾತು ಬರುವ ದಿನ ಭಾವ ಮನೆಯವರನ್ನೆಲ್ಲ ಟೀವಿಯ ಮುಂದೆ ಕೂರಿಸಿದರು. ಅಕ್ಕ ಒಗೆದ ಬಟ್ಟೆಯ ರಾಶಿಯ ಸಮೇತ ಬಂದು ಕೂತಳು. ಕಡಲು ಬಂತು, ಹುಡುಗಿ ಓಡಿದಳು, ಅಜ್ಜ ಅತ್ತ. ಟ್ಯೂನ್ ಏರುತ್ತಾ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಭಾವ ಕುರ್ಚಿಯ ತುದಿಯಲ್ಲಿದ್ದರು. ಸಾಲು ಶುರುವಾಯಿತು. ಅದರ ಮೇಲೆಯೇ ಯಾರೋ ಉಸಿರು ಬಿಡದೆ ಬಡಬಡಿಸಿದರು: ಕೊಡುಗೆ ದಾಸ್ತಾನು ಇರುವವರೆಗೆ ಮಾತ್ರ, ಬಣ್ಣಗಳು ಲಭ್ಯತೆಗೆ ಒಳಪಟ್ಟಿವೆ, ಷರತ್ತುಗಳು ಅನ್ವಯಿಸುತ್ತವೆ. ಬಡಬಡಿಕೆ ಮುಗಿಯಿತು, ಸಾಲೂ ಮುಗಿದಿತ್ತು.

ಭಾವ ಎದ್ದು ನಿಂತು ಬೈಯತೊಡಗಿದರು. ನನ್ನ ಟ್ಯೂನ್ ಮೇಲೆ ಮಾತಾಡಲು ಇವರಿಗೆಷ್ಟು ಧೈರ್ಯ, ನನ್ನದನ್ನು ಹಾಳು ಮಾಡಿದರು ಎಂದೆಲ್ಲ ಕೂಗಾಡಿದರು. ನನಗೆ ತಡೆಯಲಾಗಲಿಲ್ಲ. ನಿಮ್ಮದಲ್ಲ ಅಂತ ಮೈಕಿನಲ್ಲಿ ಹೇಳಿ ಆಗಿದೆಯಲ್ಲ ಭಾವ ಎಂದೆ.

ಅಕ್ಕನಿಗೆ ಈ ವಿಷಯ ಗೊತ್ತಿರಲಿಲ್ಲ. ಏನದು ಎಂದು ಕೇಳಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಚಿಟ್ಟ ಮೇಲೆ ಮಾತಾಡಿದಳು. ದನಿ ಏರಿಸಲಿಲ್ಲ.

“ಕೊನೇ ಸಾಲು ಹೊಳೀದೆ ಅಡುಗೆಮನೆ ಬಾಗಿಲಲ್ಲಿ ತಲೆ ಹಿಡ್ಕೊಂಡು ಕೂತಿದ್ರಿ. ಒಲೆ ಮುಂದೆ ನಿಂತು ಗುನುಗಿ ಮುಗಿಸಿಕೊಟ್ಟೋಳು ನಾನು. ಇಷ್ಟು ವರ್ಷ ನಂದು ನಂದು ಅಂದ್ರಿ, ಸುಮ್ನಿದ್ದೆ. ಈಗ ನಂದಲ್ಲ ಅಂತ ಹೇಳಿ ಬಂದಿದ್ದೀರ. ಮಧ್ಯೆ ಒಂದು ಸಲನಾದ್ರೂ, ನಮ್ಮಿಬ್ಬರದು ಅನ್ನೋಕೆ ಬಾಯಿ ಬರ್ಲಿಲ್ವಾ?”

ಭಾವ ಬಾಯಿ ತೆರೆದರು. ಏನೂ ಹೊಳೆಯಲಿಲ್ಲ. ಈ ಸಲ ಮುಗಿಸಿಕೊಡಲು ಅಕ್ಕ ನಿಲ್ಲಲಿಲ್ಲ, ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.