ಪಚ್ಚ ಎಂಬ ಬಣ್ಣ

ಅಂಗಡಿಯಿಂದ ತಂದ ಡಬ್ಬಿಯ ಮುಚ್ಚಳ ತೆಗೆದು, ಒಳಗಿರುವ ಬಣ್ಣವನ್ನು ಇದ್ದ ಹಾಗೇ ಮರಕ್ಕೆ ಬಳಿಯುವವರನ್ನು ಕಂಡರೆ ನನಗೆ ಒಳಗೊಳಗೇ ಒಂದು ತಾತ್ಸಾರ. ಹೀಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಎರಡು ಬಣ್ಣ ತಂದು, ಒಂದಕ್ಕೊಂದು ಬೆರೆಸಿ, ಅಂಗಡಿಯವನ ಪಟ್ಟಿಯಲ್ಲಿ ಹೆಸರೇ ಇಲ್ಲದ ಮೂರನೆಯದೊಂದನ್ನು ಹುಟ್ಟಿಸಿದಾಗಲೇ ನನಗೆ ಕೆಲಸ ಮಾಡಿದ ಹಾಗೆ ಅನಿಸುವುದು. ನಮ್ಮ ಮನೆಯ ಮರದ ಕುರ್ಚಿಗಳು ಒಂದು ಕಾಲಕ್ಕೆ ಬೂದಿಗೆ ಹತ್ತಿರವಾದ ಒಂದು ನೀಲಿಯಲ್ಲಿದ್ದವು. ಬಂದ ನೆಂಟರು ಇದು ಯಾವ ಬಣ್ಣ ಎಂದು ಕೇಳಿದರೆ ನಾನು ತಕ್ಷಣ ಉತ್ತರ ಕೊಡುತ್ತಿರಲಿಲ್ಲ. ಅವರನ್ನು ಸ್ವಲ್ಪ ಹೊತ್ತು ಕಾಯಿಸಿ, ಆಮೇಲೆ, ‘ಅದು ಅಂಗಡಿಯಲ್ಲಿ ಸಿಗುವುದಿಲ್ಲ’ ಎನ್ನುತ್ತಿದ್ದೆ.

ನಾನು ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತ. ಸಾಹಿತ್ಯ ಕಲಿಸುವವನಿಗೆ ಬಣ್ಣ ಕಲಸುವ ಚಟ ಯಾಕೆ ಎಂದು ಸಹೋದ್ಯೋಗಿಗಳು ಕೆಣಕಿದರೆ, ಕಲಿಸುವುದಕ್ಕೂ ಕಲಸುವುದಕ್ಕೂ ನಡುವೆ ಇರುವುದು ಒಂದೇ ಒಂದು ಗುಡಿಸು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಬಣ್ಣವೆಂದರೆ ವರ್ಣ, ವರ್ಣವೆಂದರೆ ಅಕ್ಷರವೂ ಹೌದು. ಹಾಗಾಗಿ ಎರಡೂ ನನ್ನ ಇಲಾಖೆಗೇ ಸೇರಿದವು ಎಂಬುದು ನನ್ನ ವಾದವಾಗಿತ್ತು. ಇಷ್ಟು ಚೆನ್ನಾಗಿ ವಾದ ಮಾಡುತ್ತಿದ್ದವನು ಒಂದೇ ಒಂದು ಮಾತನ್ನು ತಪ್ಪಾಗಿ ಕೇಳಿಸಿಕೊಂಡು, ಮನೆಯಲ್ಲಿ ಒಬ್ಬ ಹಿರಿಯ ಹೆಂಗಸಿನ ಮನಸ್ಸು ನೋಯಿಸಿದೆ. ಎಪ್ಪತ್ತರ ದಶಕದ ನಡುವಿನ ಮಾತು ಅದು. ನೆನೆದಾಗಲೆಲ್ಲ ಈಗಲೂ ಕಿವಿ ಬಿಸಿಯಾಗುತ್ತದೆ.

ಆ ಹಿರಿಯ ಹೆಂಗಸು ನನ್ನ ಅತ್ತೆ, ಹೆಂಡತಿ ಸರೋಜಳ ತಾಯಿ. ಹುಟ್ಟಿದ್ದು ತುಂಗಭದ್ರೆಯ ಆಚೆ ದಂಡೆಯ ತೆಲುಗು ಸೀಮೆಯಲ್ಲಿ, ಕೊಟ್ಟದ್ದು ಈಚೆ ಸಿರುಗುಪ್ಪಕ್ಕೆ. ಮಾವ ತೀರಿಕೊಂಡ ಮೇಲೆ ಸರೋಜ ಹಟ ಹಿಡಿದು ತಾಯಿಯನ್ನು ಸತ್ಯನಾರಾಯಣಪೇಟೆಯ ನಮ್ಮ ಬಾಡಿಗೆ ಮನೆಗೆ ಕರೆತಂದಳು. ಅತ್ತೆ ಬಂದರು, ಆದರೆ ಉಳಿಯಲು ಬಂದವರ ಹಾಗೆ ಬರಲಿಲ್ಲ. ಅಳಿಯನ ಮನೆಯಲ್ಲಿ ಕೂತು ಉಣ್ಣುವುದು ಅವರಿಗೆ ಮಾನದ ಪ್ರಶ್ನೆ. ತಂದ ಟ್ರಂಕಿನಿಂದ ದಿನಕ್ಕೊಂದು ಸೀರೆ ತೆಗೆಯುವರು, ಮತ್ತೆ ಬೀಗ ಹಾಕುವರು. ವಾರಕ್ಕೊಮ್ಮೆಯಾದರೂ ಸಿರುಗುಪ್ಪದ ಬಸ್ಸಿನ ಹೊತ್ತು ವಿಚಾರಿಸುವರು. ಅಲ್ಲಿ ಇದ್ದದ್ದು ಮಾವನ ತಮ್ಮನ ಮನೆ, ಆ ಮನೆಯ ತುಂಬ ಸೊಸೆಯಂದಿರು.

“ಅಲ್ಲಿಗೆ ಹೋದ್ರ ಅವ್ವ ಒಂದು ಮೂಲ್ಯಾಗ ಕೂತು ದಿನ ಎಣಿಸ್ತಾಳ್ರೀ. ಹೆಂಗಾರ ಮಾಡಿ ಇಲ್ಲೇ ಉಳಿಸ್ಕೋಬೇಕು,” ಎಂದು ಸರೋಜ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಉಳಿಸಿಕೊಳ್ಳುವುದು ಹೇಗೆ? ಬಾಯಿಬಿಟ್ಟು ‘ಇರಿ’ ಎನ್ನಲು ದಾರಿಯೇ ಇರಲಿಲ್ಲ. ಅತ್ತೆಯಾದವಳು ಅಳಿಯನ ಎದುರು ನಿಲ್ಲಬಾರದು, ನೇರವಾಗಿ ಮಾತಾಡಬಾರದು ಎಂಬ ಕಟ್ಟಳೆಯನ್ನು ಅವರು ಬಿಗಿಯಾಗಿ ಪಾಲಿಸುವವರು. ನಮ್ಮ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಅವರು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಬಾಗಿಲ ಮರೆಯಿಂದ ‘ಹೇಳು’ ಎಂದು ಅವರು, ಈ ಕಡೆಯಿಂದ ‘ಕೇಳು’ ಎಂದು ನಾನು, ನಡುವೆ ಸರೋಜ. ಆಕೆ ಮನೆಯಲ್ಲಿ ಇಲ್ಲದಾಗ ಏನಾದರೂ ತಿಳಿಸಲೇಬೇಕಾಗಿ ಬಂದರೆ ಅತ್ತೆ ರುಬ್ಬುವ ಕಲ್ಲಿಗೆ ಹೇಳುವರು. ‘ಎಣ್ಣಿ ತೀರೈತವ್ವ’ ಎಂದು ಕಲ್ಲಿಗೆ ಹೇಳಿದರೆ ನಾನು ಕೇಳಿಸಿಕೊಂಡು ಎಣ್ಣೆ ತರಬೇಕು. ಕಲ್ಲಿನ ಪರವಾಗಿ ಮರುಪ್ರಶ್ನೆ ಕೇಳುವ ಹಾಗಿರಲಿಲ್ಲ.

ಅವರು ಬಂದ ತಿಂಗಳಿಗೆ ಸಿರುಗುಪ್ಪದಿಂದ ಅಕ್ಕಿ ಹೇರಿದ ಲಾರಿಯೊಂದರ ಮೇಲೆ ಅವರ ಮರದ ಬೀರು ಬಂತು. ಎರಡು ಬಾಗಿಲಿನ ಸಣ್ಣ ಬೀರು, ತೇಗದ್ದು. ಬಣ್ಣ ಹೊಪ್ಪಳೆ ಎದ್ದಿತ್ತು. ಉಜ್ಜುಕಾಗದ ಹಿಡಿದು ತಿಕ್ಕಿದಾಗ ಕಾಫಿ ಬಣ್ಣದ ಕೆಳಗೆ ಬೂದು, ಅದರ ಕೆಳಗೆ ಕೆಮ್ಮಣ್ಣು. ಮಾವನಿಗೆ ಚಕ್ಕಡಿಗೋ ಕಿಟಕಿಗೋ ಹಚ್ಚಿ ಉಳಿದ ಬಣ್ಣವನ್ನು ತಾವೇ ಇದಕ್ಕೆ ಬಳಿಯುವ ರೂಢಿಯಂತೆ. ಬೀರು ಅತ್ತೆಯದು, ಬಣ್ಣ ಯಾವಾಗಲೂ ಉಳಿದದ್ದು. ಇದು ತಿಳಿದ ಕೂಡಲೇ ನನಗೆ ಉಪಾಯ ಹೊಳೆಯಿತು. ಈ ಬೀರುವಿಗೆ ಅವರೇ ಕೇಳಿದ ಬಣ್ಣ ಹಚ್ಚಿಕೊಟ್ಟರೆ, ಅದು ಇರುವ ಮನೆ ಅವರದೂ ಅನಿಸೀತು. ಟ್ರಂಕಿನ ಬಟ್ಟೆ ಬೀರುವಿಗೆ ಬಂದೀತು, ಬಸ್ಸಿನ ವಿಚಾರ ನಿಂತೀತು. ‘ಯಾವ ಬಣ್ಣ ಬೇಕು ಕೇಳು’ ಎಂದು ಸರೋಜಳಿಗೆ ಹೇಳಿದೆ. ಎರಡು ದಿನ ಉತ್ತರ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸರೋಜ ಬೀದಿಯ ನಲ್ಲಿಗೆ ನೀರಿಗೆ ಹೋಗಿದ್ದಳು. ಒಳಗೆ ರುಬ್ಬುವ ಕಲ್ಲಿನ ಸದ್ದು ನಿಂತಿತು.

“ಪಚ್ಚಗ ಇದ್ರ ಚಂದ ಕಾಣ್ತೈತವ್ವ,” ಎಂದು ಅತ್ತೆ ಕಲ್ಲಿಗೆ ಹೇಳಿದರು. ದನಿ ಬಹಳ ಸಣ್ಣಗಿತ್ತು.

ಪಚ್ಚ! ಪಚ್ಚೆ, ಪಸುರು, ಹಸಿರು. ಪಂಡಿತನಿಗೆ ಇಷ್ಟು ತಿಳಿಯದೆ? ನಾನು ಆಗಲೇ ಚಪ್ಪಲಿ ಮೆಟ್ಟಿ ಬೆಂಗಳೂರು ರಸ್ತೆಯ ಖಾದರ್ ಸಾಬರ ಬಣ್ಣದ ಅಂಗಡಿಗೆ ನಡೆದೆ. ಅವರು ಹಸಿರು ಎನಾಮಲ್ಲಿನ ಡಬ್ಬಿಯನ್ನು ಎದುರಿಗಿಟ್ಟರು. ನಾನು ಬೇಡವೆಂದು ಹಳದಿಯದೊಂದು ದೊಡ್ಡ ಡಬ್ಬಿ, ನೀಲಿಯದೊಂದು ಸಣ್ಣದು ಕೇಳಿದೆ.

“ತಯಾರು ಹಸರು ಐತಲ್ರೀ ಮೇಷ್ಟ್ರೆ, ಯಾಕ ತ್ರಾಸ ತಗಂತೀರಿ?” ಎಂದರು ಸಾಬರು. “ಆತು, ನೀಲಿ ಮಾತ್ರ ಹನಿ ಹನಿ ಹಾಕ್ರಿ. ಒಂದ್ಸಲ ಕೂಡಿದ್ದನ್ನ ಬಿಡಸಾಕ ಬರಂಗಿಲ್ಲ.”

ಬಳ್ಳಾರಿಯಲ್ಲಿ ಬಣ್ಣದ ಕೆಲಸವನ್ನು ಬೆಳಿಗ್ಗೆ ಬೇಗ ಮಾಡಬೇಕು. ಬಿಸಿಲೇರಿದರೆ ಬ್ರಶ್ಶೇ ಅಂಟಿಕೊಳ್ಳುತ್ತದೆ, ಗಾಳಿ ಎದ್ದರೆ ಬಣ್ಣದ ಮೇಲೆ ಧೂಳು ಕೂರುತ್ತದೆ. ಭಾನುವಾರ ಬೇಗ ಎದ್ದು ಪಡಸಾಲೆಯಲ್ಲಿ ಹಳದಿ ಡಬ್ಬಿಯ ಮುಚ್ಚಳ ಎಬ್ಬಿಸಿದೆ. ಒಳಮನೆಯ ಬಾಗಿಲು ಅರ್ಧ ತೆರೆದಿತ್ತು. ಕಡ್ಡಿಯಿಂದ ಹಳದಿಯನ್ನು ತಿರುವುತ್ತಿದ್ದಾಗ ಬಾಗಿಲ ಸಂದಿಯಲ್ಲಿ ಸೀರೆಯ ಸೆರಗು ಕಂಡಿತು. ಅತ್ತೆ ನಿಂತು ನೋಡುತ್ತಿದ್ದರು. ನನಗೆ ಹುರುಪು ಬಂತು. ನೋಡಲಿ, ಅಳಿಯನ ಕೈಚಳಕ ನೋಡಲಿ ಎಂದುಕೊಂಡು, ಹನಿ ಹನಿ ಹಾಕಬೇಕಾದ ನೀಲಿಯನ್ನು ಕೈಯೆತ್ತಿ ಧಾರೆಯಾಗಿ ಸುರಿದೆ. ತಿರುವಿದ ಹಾಗೆಲ್ಲ ಹಳದಿ ಕಲಕಿ, ಕದಡಿ, ಹಸಿರಾಯಿತು. ಮತ್ತೆ ನೋಡಿದರೆ ಸಂದಿಯಲ್ಲಿ ಸೆರಗು ಇರಲಿಲ್ಲ. ಸಿರುಗುಪ್ಪದ ಭತ್ತದ ಸಸಿಮಡಿಯ ಬಣ್ಣವನ್ನೇ ಇಳಿಸಿದ್ದೇನೆಂದು ನಾನು ಬೀಗುತ್ತಿದ್ದೆ.

“ಚಲೋ ಆಗೈತಂತ ಹೇಳು,” ಎಂದು ಸಂಜೆ ಬಾಗಿಲ ಹಿಂದಿನಿಂದ ಮಾತು ಬಂತು. ಸರೋಜ ಹೇಳಿದಳು, ನಾನು ಉಬ್ಬಿದೆ.

ಆದರೆ ಬೀರು ಖಾಲಿಯೇ ಉಳಿಯಿತು. ನಾನೇ ಹಳೆಯ ಪೇಪರು ಹಾಸಿದ ಅರೆಗಳ ಮೇಲೆ ಒಂದು ಕರವಸ್ತ್ರವನ್ನೂ ಅವರು ಇಡಲಿಲ್ಲ. ನಾಲ್ಕನೆಯ ದಿನ ಬಸ್ಸಿನ ಮಾತು ಮತ್ತೆ ಬಂತು. ಈ ಸಲ ಹೊತ್ತು ಕೇಳಲಿಲ್ಲ, ‘ಹುಣ್ಣಿಮಿ ಕಳದ ಮ್ಯಾಲೆ ಹೊಕ್ಕೀನಂತ ಹೇಳು’ ಎಂದೇ ಹೇಳಿಸಿದರು. ನನಗೆ ಸಿಟ್ಟು ಬಂತು. ಇಷ್ಟು ಮಾಡಿದರೂ ಇವರಿಗೆ ನಾವು ಬೇಡವಾದೆವಲ್ಲ ಎಂದು ಸರೋಜಳ ಮೇಲೆ ಕೂಗಾಡಿದೆ. ಕೂಗಾಡಿದ್ದು ಬಾಗಿಲ ಆಚೆ ಕೇಳಲಿ ಎಂದೇ. ಇವತ್ತಿಗೂ ನನಗೆ ಕ್ಷಮಿಸಿಕೊಳ್ಳಲಾಗದ್ದು ಬಣ್ಣದ ತಪ್ಪಲ್ಲ, ಆ ಕೂಗು.

ಅದೇ ವಾರ ಅಣ್ಣನನ್ನು ಕಾಣಲು ನನ್ನ ಊರು ಕುರುಗೋಡಿಗೆ ಹೊರಟೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಗಂಡ ಹೆಂಡತಿ ಬಂದು ಕೂತರು. ಗಂಡ ಸೋತು ಕಿಟಕಿಗೆ ಒರಗಿದ್ದ. ಏನಾಗಿದೆ ಎಂದು ಕೇಳಿದೆ.

“ಪಚ್ಚ ಕಾಮೆರ್ಲು ಸಾರ್. ನಾಟಿ ಔಸದಿ ಕೊಡ್ತಾರಂತ, ಕುರುಗೋಡಿಗೆ ಹೊಂಟೀವಿ. ನೋಡ್ರಿ, ಕಣ್ಣು ಹೆಂಗ ಪಚ್ಚಗ ಆಗ್ಯಾವ!” ಎಂದಳು ಆ ಹೆಂಗಸು, ಕನ್ನಡಕ್ಕೆ ತೆಲುಗು ಸೇರಿಸಿ.

ಆತ ಕಣ್ಣು ಬಿಟ್ಟು ನನ್ನ ಕಡೆ ತಿರುಗಿದ. ಕಾಮಾಲೆಯ ಕಣ್ಣು. ಅರಿಶಿನದಷ್ಟು ಹಳದಿ.

ನಾನು ಆ ಕಣ್ಣುಗಳನ್ನು ಎಷ್ಟು ಹೊತ್ತು ನೋಡಿದೆನೋ, ಆತ ಮುಜುಗರಪಟ್ಟು ಮುಖ ತಿರುಗಿಸಿದ. ತೆಲುಗಿನಲ್ಲಿ ಪಚ್ಚ ಎಂದರೆ ಹಳದಿಯೂ ಹೌದು. ಹಸಿರೇ ಬೇಕಿದ್ದರೆ ಅವರು ಮುಂದೆ ಎಲೆಯನ್ನು ಸೇರಿಸಿ ಆಕುಪಚ್ಚ ಎನ್ನುತ್ತಾರೆ. ಬಳ್ಳಾರಿಯಲ್ಲಿ ಇಷ್ಟು ವರ್ಷ ಇದ್ದು, ಬೀದಿಯಲ್ಲಿ ದಿನವೂ ತೆಲುಗು ಕೇಳುತ್ತ ಈ ಮಾತು ನನ್ನ ತಲೆಗೆ ಹೋಗಿರಲಿಲ್ಲ. ಪಂಡಿತನಿಗೆ ಇನ್ನೂ ದೊಡ್ಡ ಅವಮಾನ ಉಂಟು. ನಮ್ಮ ಪಸುರೂ ತೆಲುಗಿನವರ ಅರಿಶಿನವಾದ ಪಸುಪೂ ಒಂದೇ ಬೇರಿನವು. ಹಸಿ, ಎಳೆಯದು, ತಾಜಾ ಎಂಬುದು ಆ ಬೇರಿನ ಅರ್ಥ. ಕನ್ನಡ ಆ ಹಸಿಯನ್ನು ಎಲೆಯಲ್ಲಿ ಕಂಡಿತು, ತೆಲುಗು ಅರಿಶಿನದ ಕೊಂಬಿನಲ್ಲೂ ಕಂಡಿತು. ಹಸುಗೂಸು ಎಂದರೆ ಯಾರೂ ಹಸಿರು ಮಗುವನ್ನು ಹುಡುಕುವುದಿಲ್ಲ ಎಂದು ತರಗತಿಯಲ್ಲಿ ನಗಿಸುತ್ತಿದ್ದವನು ನಾನೇ.

ಮನೆಗೆ ಬಂದು ಸರೋಜಳಿಗೆ ಹೇಳಿದೆ. ಆಕೆ ಕೂತಲ್ಲೇ ಕೂತಳು.

“ನೀವು ಹಸರು ಕಲಸಿದ್ರಿ, ಅವ್ವ ಎಲಿಬಣ್ಣ ಕೇಳ್ಯಾಳ ಅಂತ ತಿಳಕಂಡೆ ನಾನು,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಅಪ್ಪ ಹೋದಾಗಿಂದ ಆಕಿ ಅರಿಶಿಣ ಅಂತ ಬಾಯಾಗ ಅನ್ನಂಗಿಲ್ರೀ. ಸಾರಿಗೆ ಹಾಕಾಕೂ ‘ಆ ಪುಡಿ ಕೊಡು’ ಅಂತಾಳ. ಮೊದಲು ದಿನಾ ಮುಖಕ್ಕ, ಕೈಕಾಲಿಗೆ ಹಚ್ಚಿಕೊಂಡೇ ಹೊರಗ ಬರಾಕಿ.”

ಗಂಡ ಸತ್ತ ದಿನ ಅವರ ಕೈಯಿಂದ ಬಳೆಯ ಜೊತೆ ಅರಿಶಿನವನ್ನೂ ತೆಗೆದುಹಾಕಿದ್ದರು. ಮೈಗೆ ಹಚ್ಚಿಕೊಳ್ಳುವ ಹಾಗಿರಲಿಲ್ಲ, ಹೆಸರು ಹೇಳಲು ಬಾಯಿ ಬರುತ್ತಿರಲಿಲ್ಲ. ಎರಡು ದಿನ ಯೋಚಿಸಿ, ಮಗಳೂ ಇಲ್ಲದ ಹೊತ್ತು ನೋಡಿ, ತವರಿನ ಭಾಷೆಯ ಮಾತೊಂದನ್ನು ಮರೆ ಮಾಡಿಕೊಂಡು, ತಮಗಲ್ಲದಿದ್ದರೆ ತಮ್ಮ ಬೀರುವಿಗಾದರೂ ಅದು ಇರಲಿ ಎಂದು ಅವರು ಕಲ್ಲಿಗೆ ಹೇಳಿದ್ದರು. ನಾನು ಅವರ ಕಣ್ಣೆದುರೇ ಆ ಹಳದಿಯ ಮುಚ್ಚಳ ತೆಗೆದು, ತೋರಿಸಿ, ಅದರೊಳಗೆ ನೀಲಿ ಸುರಿದಿದ್ದೆ. ನನಗೆ ಅಳು ಬಂತು. ಅತ್ತೆಯ ಮುಂದೆ ಅಳುವುದಕ್ಕೂ ಕಟ್ಟಳೆ ಅಡ್ಡ ಬರುವುದರಿಂದ ಹಿತ್ತಲಿಗೆ ಹೋಗಿ ಮುಖ ತೊಳೆದೆ.

ಬೀರುವನ್ನು ಮತ್ತೆ ತಿಕ್ಕಲು ಸಂಜೆಗಳು ಸಾಲದೆ ರಾತ್ರಿಯೂ ಕೂತೆ. ಭಾನುವಾರದ ಹೊತ್ತಿಗೆ ಹಸಿರೆಲ್ಲ ಪುಡಿಯಾಗಿ ಉದುರಿತು. ಮುಂದೆ ಅತ್ತೆ ನಮ್ಮೊಡನೆ ಹನ್ನೊಂದು ವರ್ಷ ಇದ್ದರು, ಬೀರುವಿನ ಅರೆಗಳು ಸೀರೆ, ಔಷಧಿ, ಮೊಮ್ಮಕ್ಕಳಿಗೆ ಬಚ್ಚಿಟ್ಟ ಬೆಲ್ಲದಿಂದ ತುಂಬಿಕೊಂಡವು. ಆದರೆ ಆ ವರ್ಷಗಳಿಗಿಂತ ಆ ಒಂದು ಭಾನುವಾರದ ಬೆಳಿಗ್ಗೆಯೇ ನನಗೆ ನಿಚ್ಚಳವಾಗಿ ನೆನಪಿದೆ.

ಹೊಸ ಹಳದಿ ಡಬ್ಬಿ ತೆರೆದು ಕೂತಿದ್ದೆ. ಡಬ್ಬಿಯ ಹಳದಿ ನಿಂಬೆಹಣ್ಣಿನ ಹಾಗೆ ಕಣ್ಣಿಗೆ ಹೊಡೆಯುತ್ತಿತ್ತು, ಅರಿಶಿನವಾಗಿರಲಿಲ್ಲ. ಒಂದು ಹನಿ ಕೆಂಪು ಬೆರೆಸಿ, ಹಲಗೆಯ ಚೂರಿಗೆ ಹಚ್ಚಿ, ಬಾಗಿಲ ಕಡೆ ಹಿಡಿದು, “ಇದು ಸರಿ ಐತೇನು ಕೇಳು,” ಎಂದೆ. ಸರೋಜ ಕೇಳಿದಳು. ಇನ್ನೊಂದು ಹನಿ, ಇನ್ನೊಂದು ಹಲಗೆ. ಮೂರನೆಯ ಹಲಗೆಯನ್ನು ನಾನು ಎತ್ತುವ ಮೊದಲೇ ಬಾಗಿಲು ಪೂರಾ ತೆರೆಯಿತು. ಅತ್ತೆ ಹೊಸಿಲು ದಾಟಿ ಪಡಸಾಲೆಗೆ ಬಂದರು. ಒಂಬತ್ತು ವರ್ಷದಲ್ಲಿ ನಾನು ಅವರ ಮುಖವನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವರು ಡಬ್ಬಿಯ ಮುಂದೆ ಕೂತರು, ತೋರುಬೆರಳನ್ನು ಬಣ್ಣದಲ್ಲಿ ಅದ್ದಿ, ಬರಿದಾದ ಎಡ ಮುಂಗೈಯ ಮೇಲೆ ಒಂದು ಗೆರೆ ಎಳೆದು ಬೆಳಕಿಗೆ ಹಿಡಿದರು.

“ಇದು ಕೊಂಬಿನ ಬಣ್ಣ ಅಳಿಯಾರೆ,” ಎಂದರು ನನ್ನನ್ನೇ ನೋಡುತ್ತ. “ಹಚ್ಚಿಕೊಂಡ ಮ್ಯಾಲೆ ಹಿಂಗ ಇರಂಗಿಲ್ಲ. ಇನ್ನೊಂದೀಟು ಕೆಂಪು ಹಾಕ್ರಿ.”

ಹಾಕಿದೆ. ಅವಸರದಲ್ಲಿ ಒಂದರ ಬದಲು ಎರಡು ಹನಿ ಬಿತ್ತು. ಅವರು ತಿರುವಿ, ಮತ್ತೆ ಬೆರಳು ಅದ್ದಿ, ಮೊದಲ ಗೆರೆಯ ಪಕ್ಕದಲ್ಲಿ ಇನ್ನೊಂದು ಎಳೆದರು. ಬಹಳ ಹೊತ್ತು ನೋಡಿ, “ಇದು,” ಎಂದರು.

ಸರೋಜ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿಕೊಂಡು ಬಂದು, “ಕೈ ಕೊಡವ್ವ, ಆರೋದ್ರಾಗ ಒರಸ್ತೀನಿ,” ಎಂದಳು. ಅತ್ತೆ ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡರು.

“ಇರ್ಲಿ ಬಿಡು. ನಾಳೆ ನೀರು ಹಾಕ್ಕಂಡ್ರ ಹೋಗ್ತೈತಿ. ಹೌದಿಲ್ರೀ ಅಳಿಯಾರೆ?”

ಎನಾಮಲ್ ಬಣ್ಣ ಆರಿದ ಮೇಲೆ ನೀರಿಗೆ ಹೋಗುವುದಿಲ್ಲ. ಅದು ನನಗೆ ಗೊತ್ತಿತ್ತು. ಮಾವನ ಬಣ್ಣದ ಡಬ್ಬಿಗಳ ನಡುವೆ ಸಂಸಾರ ಮಾಡಿದ ಅತ್ತೆಗೂ ಚೆನ್ನಾಗಿ ಗೊತ್ತಿತ್ತು.

“ಹೌದ್ರೀ ಅತ್ತಿ,” ಎಂದೆ, “ನೀರಿಗೇ ಹೋಗ್ತೈತಿ.”