ದೇವಿಂದ್ರ ತಿರುಗಾಮುರುಗಾ ಬಾರಿಸಿದ ಆರು ಧಾಟಿ

ಯಾರೋ ಸುಳ್ಳು ಹೇಳ್ತಿದ್ದಾರೆ ಅಂದುಕೊಂಡು ಮೊದಲ ಫೋನ್ ಕಟ್ ಮಾಡಿಬಿಟ್ಟೆ...
ಎರಡನೆಯದು ಬಂತು. ಮೂರನೆಯದೂ ಬಂತು.

ನಿನ್ನೆ ಸಂಜೆಯಷ್ಟೇ ದೇವಿಂದ್ರ ಮಾತಾಡಿದ್ದನಲ್ಲ!
"ಐತವಾರ ಮೈಕ್ ತಗೊಂಡ್ ಬಾ ಮೌಲಾ, ಕಡೀದೊಂದು ಮುಗಿಸಿಬಿಡೂನು" ಅಂದಿದ್ದ.
ಇವತ್ತು ಬೆಳಿಗ್ಗೆ ಗೋಗಿಯಲ್ಲಿ ಚಹಾ ಕುಡಿದು ಕಟ್ಟೆಯ ಮೇಲೆ ಕೂತವನು ಹಾಗೇ ಗೋಡೆಗೆ ಒರಗಿದನಂತೆ...
ಹಾರ್ಟ್ ಅಟ್ಯಾಕ್.

ಫ್ರೆಂಡ್ಸ್, ನಿಮ್ಮಲ್ಲಿ ಬಹಳ ಜನಕ್ಕೆ ದೇವಿಂದ್ರಪ್ಪ ಗೊತ್ತಿಲ್ಲ.
ಗೋಗಿಯ ಕುರಿಗಾರರ ಮನೆಯವನು. ರಿಟೈರ್ಡ್ ಪ್ರೈಮರಿ ಮಾಸ್ತರ್. ಶಹಾಪುರದ ಹೈಸ್ಕೂಲಿನಲ್ಲಿ ನಾನೂ ಅವನೂ ಒಂದೇ ಬೆಂಚು.
ನಾನು ಮುಂದೆ ಮದುವೆ ವಿಡಿಯೋ ಸ್ಟುಡಿಯೋ ಇಟ್ಟೆ. ಅವನು ಪೇಟಿ ಹಿಡಿದ.
ಪೇಟಿ ಅಂದರೆ ಹಾರ್ಮೋನಿಯಂ... ಅದರಲ್ಲೂ ಕಾಲ್ಪೇಟಿ. ಕಾಲಿನಿಂದ ತುಳಿದು ಗಾಳಿ ತುಂಬಬೇಕು. ಎತ್ತಲು ಇಬ್ಬರು ಬೇಕು.

ಹೋದ ವರ್ಷ ಸುರಪುರದಿಂದ ಒಂದು ಕರೆ ಬಂತು.
ಶಾಂತಮ್ಮ ಅಂತ, ಎಂಬತ್ತು ದಾಟಿದ ಹಿರಿಯರು. ಅವರ ಅಪ್ಪ ಹಿಂದೆ ನಾಟಕಗಳಿಗೆ ಪೇಟಿ ಬಾರಿಸುತ್ತಿದ್ದ ಮಾಸ್ತರ್.
ಮನೆ ಸುಣ್ಣ ಬಳಿಯುವಾಗ ಅಟ್ಟದ ಟ್ರಂಕಿನಲ್ಲಿ ಅವರ ಕಾಲ್ಪೇಟಿಯ ಬಿಡಿ ರೀಡ್‌ಗಳು, ಅಂದರೆ ಗಾಳಿಗೆ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಗಳು, ಸಿಕ್ಕವು. ಜೊತೆಗೊಂದು ನೋಟ್‌ಬುಕ್.
ಹನ್ನೊಂದು ಧಾಟಿಗಳ ಸ್ವರ. ಅವರೇ ಕಟ್ಟಿದವು. ಮೊದಲ ಹತ್ತು ಉರ್ದು ಅಕ್ಷರದಲ್ಲಿ... ಕೊನೆಯದೊಂದು ಮಾತ್ರ ಕನ್ನಡದಲ್ಲಿ!
ನಮ್ಮ ಸೀಮೆ ಹೈದರಾಬಾದಿನ ಕೈ ತಪ್ಪಿ ಭಾರತಕ್ಕೆ ಸೇರಿದ ಕಾಲ ಅದು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬಂದಂತೆ, ಮಾಸ್ತರರ ನೋಟ್‌ಬುಕ್ಕಿಗೂ ಕನ್ನಡ ಬಂದಿತ್ತು.

ದೇವಿಂದ್ರನಿಗೆ ಹುಚ್ಚೇ ಹಿಡಿಯಿತು.
ಆ ರೀಡ್‌ಗಳನ್ನು ತನ್ನ ಪೇಟಿಗೆ ಕೂರಿಸಿದ. ಅವುಗಳ ಮೇಲೆ 'ಪ್ಯಾರಿಸ್' ಅಂತ ಅಚ್ಚು ಇತ್ತು.
"ಪ್ಯಾರಿಸ್‌ನಿಂದ ಸುರಪುರಕ್ಕ ಯಾವ ಬಸ್ಸಿಗಿ ಬಂದಿತ್ತೋ ಏನೋ!" ಅಂತ ಎಲ್ಲರನ್ನೂ ಕೇಳುತ್ತಿದ್ದ.
ಹನ್ನೊಂದನ್ನೂ ರೆಕಾರ್ಡ್ ಮಾಡಬೇಕು, ಶಾಂತಮ್ಮ ಇರುವಾಗಲೇ ಮಾಡಬೇಕು ಅಂತ ಹಟ. ಆ ಧಾಟಿಗಳನ್ನು ಕೇಳಿದ ಕಿವಿ ಈ ಭೂಮಿಯ ಮೇಲೆ ಅವರದೊಂದೇ ಉಳಿದಿತ್ತು.

ನನಗೆ ಉರ್ದು ಬರುತ್ತದೆ, ಸ್ವರ ಗೊತ್ತಿಲ್ಲ.
ಅವನಿಗೆ ಸ್ವರ ಗೊತ್ತು, ಉರ್ದು ಬರದು.
ನಾನು ಒಂದೊಂದು ಉರ್ದು ಅಕ್ಷರದ ಕೆಳಗೂ ಪೆನ್ಸಿಲ್‌ನಿಂದ ಕನ್ನಡದ ಸರಿಗಮ ಬರೆದು ಕೊಟ್ಟೆ. ಅವನು ಬಾರಿಸಿದ. ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿ, ಹೊರಗಿನ ಆಟೋಗಳಿಗೆಲ್ಲ ಬೈದು... ಆರು ಧಾಟಿ ರೆಕಾರ್ಡ್ ಮಾಡಿದೆವು.
ವಿಚಿತ್ರವಾಗಿದ್ದವು. ಆದರೂ ಮತ್ತೆ ಮತ್ತೆ ಕೇಳಬೇಕು ಅನ್ನಿಸುತ್ತಿತ್ತು.
"ಏನ್ ರಾಗ ಅದನೋ ತಿಳೀವಲ್ದಪಾ... ಮಾಸ್ತರ ಭಾಳ ದೊಡ್ಡಾಂವ ಇದ್ದಾನ" ಅನ್ನುತ್ತಿದ್ದ.

ಸುರಪುರಕ್ಕೆ ಹೋಗಿ ಕೇಳಿಸಿದೆವು.
ಶಾಂತಮ್ಮ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.
"ಛಂದ ಬಾರಿಸೀಯಪ್ಪ... ಖರೇ ಇದು ನಮ್ಮಪ್ಪಂದಲ್ಲ."
ಆಮೇಲೆ ಮೆಲ್ಲಗೆ ತಾವೇ ಗುನುಗಿದರು.

ದೇವಿಂದ್ರ ಆ ಸ್ವರಗಳನ್ನು ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಹುಡುಕಿದ. ಬೆರಳು ಸಾಲಿನ ಬಲತುದಿಗೆ ಹೋಗಿ ನಿಂತಿತು.
"ಮೌಲಾ... ಉರ್ದು ಯಾವ ಕಡಿಂದ ಓದ್ತಾರಲೇ?"
"ಬಲಗಡಿಂದ."
"ಮತ್ತ ನಾ ಯಾವ ಕಡಿಂದ ಬಾರಿಸಿನಿ?"
ಶಾಂತಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.
ಚಿಕ್ಕಂದಿನಿಂದ ಉರ್ದು ಓದಿದವನು ನಾನು. ಅದು ಹೇಳಬೇಕಾದ ವಿಷಯ ಅಂತ ತಲೆಗೇ ಹೊಳೆದಿರಲಿಲ್ಲ!

ದೇವಿಂದ್ರ...
ಆವತ್ತು ಬಸ್ಸಿನಲ್ಲಿ ಶಹಾಪುರ ಬರುವ ತನಕ ನೀನು ನನ್ನನ್ನು ಬೈದೆ. ಬೈಯುತ್ತಲೇ ಶೇಂಗಾ ಸುಲಿದು ನನ್ನ ಕೈಗೆ ಹಾಕಿದೆ.
ಮರುವಾರವೇ ಮತ್ತೆ ಶುರು ಮಾಡಿದೆ. ಹತ್ತನ್ನೂ ಬಲಗಡೆಯಿಂದ ಬಾರಿಸಿದೆ. ಪ್ರತಿಯೊಂದಕ್ಕೂ ಶಾಂತಮ್ಮ "ಹೂಂ, ಇದು ಅಪ್ಪಂದು" ಅಂದರು.
ಹಳೆಯ ಆರನ್ನು ಡಿಲೀಟ್ ಮಾಡಲು ಹೋದಾಗ ನೀನು ನನ್ನ ಕೈ ಹಿಡಿದೆ.
"ಇರಲಿ ಬಿಡೋ. ತಪ್ಪಾದ್ರೂ ಹುಟ್ಯಾವ."
ಕನ್ನಡದ್ದನ್ನು ಯಾಕೆ ಕೊನೆಗಿಟ್ಟೆ ದೋಸ್ತ? "ಅದೇನು, ಕನ್ನಡದಾಗೇ ಅದ... ಯಾವಾಗ ಬೇಕಾದ್ರೂ ಬಾರಸ್ತೀನಿ" ಅಂದೆ.
ಈಗ ಆ ಪುಟ ನನ್ನ ಮುಂದಿದೆ. ಒಂದೊಂದು ಅಕ್ಷರವನ್ನೂ ಓದುತ್ತಿದ್ದೇನೆ. ಏನೂ ಕೇಳಿಸುತ್ತಿಲ್ಲ...
ಆ ಧಾಟಿ ಹೇಗಿತ್ತು? ಖುಷಿಯದಾ, ದುಃಖದ್ದಾ? ನಿನ್ನನ್ನು ಬಿಟ್ಟು ಇದನ್ನು ಯಾರು ಬಾರಿಸಿ ಕೇಳಿಸಬೇಕು?
ಸಿಟ್ಟು ಬರುತ್ತಿದೆ ನಿನ್ನ ಮೇಲೆ. ತುಂಬಾ ಸಿಟ್ಟು.

ಶಾಂತಮ್ಮನವರಿಗೆ ಹೇಗೆ ಹೇಳುವುದೋ ತಿಳಿಯದೆ ಮಧ್ಯಾಹ್ನ ಫೋನ್ ಮಾಡಿದೆ. ತಮಗಿಂತ ಮೊದಲು ಅವನು ಹೋಗುತ್ತಾನೆ ಅಂತ ಅವರೂ ಅಂದುಕೊಂಡಿರಲಿಲ್ಲ.

"ಸಂಜಿ ಐದಕ್ಕ ಗೋಗಿಯಾಗ ಮಣ್ಣು ಅದ ಅವ್ವ, ಅಲ್ಲಿ ಅವನ ಪೇಟಿ ಕೇಳಿಸಬೇಕಂತ ಮಾಡೀನಿ. ನಿಮ್ಮಪ್ಪಂದು ಯಾವ ಧಾಟಿ ಹಚ್ಚಲಿ?" ಅಂದೆ.

"ಅಪ್ಪಂದು ಬ್ಯಾಡಪ್ಪ" ಅಂದರು.
"ಮೊದಲ ಕೇಳಿಸಿದ್ರಲ್ಲ, ತಿರುಗಾಮುರುಗಾ... ಅದನ್ನ ಹಚ್ಚು. ಅದು ಯಾರದೂ ಅಲ್ಲ. ಅದು ದೇವಿಂದ್ರಂದು."

ಸ್ಪೀಕರ್ ತಗೊಂಡು ಹೊರಟಿದ್ದೇನೆ. ಹತ್ತಿರ ಇರುವವರು ಬನ್ನಿ...

ಹೋಗು ದೋಸ್ತ. ನಿನ್ನದೇ ಧಾಟಿ ಕೇಳುತ್ತಾ ಹೋಗು.
ನಿನ್ನ ಜೀವ ತಣ್ಣಗಿರಲಿ. 🙏